ಒಲೆಗೋಡೆಯ ಜೇನು

ಬೇಕರಿಯಲ್ಲಿ ಸುಟ್ಟ ವಾಸನೆ ಬಂದಾಗ ಎಲ್ಲರೂ ಒಲೆಯೊಳಗಿನ ಬ್ರೆಡ್ಡನ್ನೇ ನೋಡಿದರು. ಸುಡುತ್ತಿದ್ದುದು ಯಜಮಾನರ ಕಾಲು.

ಮಗ ಉದ್ದ ಹಿಡಿಯ ಹಲಗೆ ತೂರಿಸಿ ತಟ್ಟೆಗಳನ್ನು ಸರಸರ ಹೊರಗೆಳೆದ. ಬ್ರೆಡ್ಡುಗಳೆಲ್ಲ ಹದವಾಗಿ ಕೆಂಪಗಿದ್ದವು. "ಮತ್ತೆ ಇದೇನು ನಾತ?" ಎನ್ನುತ್ತ ಒಳಗಿನ ಪಾಕದ ಬಾಣಲೆ ಬಿಟ್ಟು ಪಾಕದಮ್ಮ ಓಡಿಬಂದಳು. ಒಲೆಯ ಬಾಯಿಂದ ಉರುಳಿದ ಕೆಂಡವೊಂದರ ಮೇಲೆ ಅವಳ ಗಂಡ ಬರಿಗಾಲಲ್ಲಿ ನಿಂತು, ಹಿಟ್ಟು ತಂದವನ ಜೊತೆ ಹಾಯಾಗಿ ಹರಟುತ್ತಿದ್ದರು.

"ರೀ, ಕಾಲೆತ್ರೀ!"

"ಯಾಕೆ, ಇಲಿ ಬಂತಾ?"

"ಕೆಂಡ ತುಳ್ಕೊಂಡು ನಿಂತಿದೀರಿ!"

ಯಜಮಾನರು ಕಾಲೆತ್ತಿದರು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಸುರುಟಿಕೊಂಡಿತ್ತು. "ಅರೆ, ನೋವೇ ಇಲ್ವಲ್ಲ!" ಎಂದು ನಕ್ಕರು. ಹಿಟ್ಟಿನವನೂ ನಕ್ಕ, ಮಗನೂ ನಕ್ಕ. ಆಗಷ್ಟೇ ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದ ಸೊಸೆ ಮಾತ್ರ ನಗಲಿಲ್ಲ. ಹೆಗಲ ಚೀಲವನ್ನೂ ಇಳಿಸದೆ ಮಾವನ ಮುಂದೆ ಕುಕ್ಕರಗಾಲಲ್ಲಿ ಕೂತು, ಪೆನ್ನಿನ ತುದಿಯಿಂದ ಅವರ ಅಂಗಾಲನ್ನು ಅಲ್ಲಲ್ಲಿ ಮುಟ್ಟಿದಳು.

"ಇಲ್ಲಿ ಗೊತ್ತಾಗುತ್ತಾ ಮಾವ?"

"ಏನು ಗೊತ್ತಾಗಬೇಕು?"

"ಇಲ್ಲಿ?"

"ನೀನು ಮೊದಲು ಮುಟ್ಟಮ್ಮ, ಆಮೇಲೆ ಕೇಳು."

ಅವಳು ಮುಟ್ಟಿಯಾಗಿತ್ತು.

ಯಜಮಾನರಿಗೆ ಸಕ್ಕರೆ ಕಾಯಿಲೆ ಬಂದು ಎಷ್ಟೋ ಕಾಲವಾಗಿತ್ತು. ಮಾತ್ರೆಯನ್ನು ಅವರು ಯಾರಿಗೋ ಉಪಕಾರ ಮಾಡುವ ಹಾಗೆ ನುಂಗುತ್ತಿದ್ದರು, ಅದೂ ನೆನಪಾದ ದಿನ. ಕೇಕಿನ ಕೆನೆಯ ರುಚಿ ನೋಡುವ ಕೆಲಸವನ್ನಂತೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಒಲೆಯ ಮುಂದೆ ಚಪ್ಪಲಿ ಹಾಕುವುದು ಅವರ ಮಟ್ಟಿಗೆ ಊಟದ ತಟ್ಟೆಯ ಮುಂದೆ ಬೂಟು ಹಾಕಿ ಕೂತಷ್ಟೇ ಒರಟುತನ.

ಸೊಸೆಯ ಆಸ್ಪತ್ರೆಯ ಡಾಕ್ಟರು ಗಾಯ ತೊಳೆದು, ಔಷಧಿ ಬರೆದು, ಒಂದೇ ಒಂದು ಮಾತು ಹೇಳಿದರು. "ಈ ಕಾಲಿನ ಮೇಲೆ ಭಾರ ಬೀಳಬಾರದು. ಗಾಯ ಒಳಗೆ ಇಳಿದರೆ ಬೆರಳು ತೆಗೀಬೇಕಾಗುತ್ತೆ. ಅಲ್ಲಿಗೂ ನಿಲ್ಲದಿದ್ರೆ ಪಾದ."

ಯಜಮಾನರು ತಲೆಯಾಡಿಸಿದರು. ಮರುದಿನ ಬೆಳಗ್ಗೆ ಒಲೆಯ ಮುಂದೆ ನಿಂತಿದ್ದರು, ಎರಡೂ ಕಾಲಿನ ಮೇಲೆ.

"ಕೂತು ಒಲೆ ನೋಡ್ಕೊಳೋಕೆ ಇದೇನು ಟಿ.ವಿ.ನಾ?" ಎಂದು ಸೊಸೆಯನ್ನೇ ಕೇಳಿದರು.

ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಗಾಯ ಒಣಗುವ ಮನಸ್ಸು ಮಾಡಲಿಲ್ಲ. ಸೊಸೆ ದಿನ ಬಿಟ್ಟು ದಿನ ಪಾಳಿಗೆ ಹೊರಡುವ ಮೊದಲು ಕಟ್ಟು ಬದಲಿಸುತ್ತಿದ್ದಳು. ಪಾಕದಮ್ಮ ಪಕ್ಕದಲ್ಲಿ ನಿಂತು, ಒಪ್ಪದ ಸಾಮಾನನ್ನು ಅಂಗಡಿಯವನು ತೂಗುವುದನ್ನು ನೋಡುವ ಹಾಗೆ ನೋಡುತ್ತಿದ್ದಳು.

ಅವಳ ಮನಸ್ಸು ಗೋಡೆಯಲ್ಲಿತ್ತು. ದೊಡ್ಡ ಒಲೆಯ ಹಿಂಬದಿಯ ಗೋಡೆ ವರ್ಷವಿಡೀ ಬೆಚ್ಚಗಿರುತ್ತದೆ. ಅವಳು ಮದುವೆಯಾಗಿ ಬರುವ ಮೊದಲಿನಿಂದಲೂ ಅದರ ಬಿರುಕಿನಲ್ಲಿ ಮಿಸ್ರಿ ಜೇನು ಮನೆ ಮಾಡಿಕೊಂಡಿತ್ತು. ಸೊಳ್ಳೆಗಿಂತ ಚೂರು ದಪ್ಪದ ಕಪ್ಪು ಹುಳುಗಳು, ಕೊಂಡಿಯಿಲ್ಲ, ಕಚ್ಚುವುದಿಲ್ಲ. ಬಿರುಕಿನಿಂದ ಹೊರಚಾಚಿದ ಮೇಣದ ಸಣ್ಣ ಕೊಳವೆಯೇ ಅವುಗಳ ಬಾಗಿಲು. ಅಲ್ಲೊಂದು ಸಡಿಲ ಇಟ್ಟಿಗೆ. ಅದನ್ನು ಎಳೆದರೆ ಒಳಗೆ ಬಟಾಣಿ ಕಾಳಿನಂಥ ಮೇಣದ ಗಡಿಗೆಗಳು, ಒಂದೊಂದರಲ್ಲೂ ನೀರಿನಂತೆ ತೆಳ್ಳಗಿನ ಹುಳಿ ಜೇನು. ಪಾಕ ಸಿಡಿದು ಕೈ ಸುಟ್ಟಾಗಲೆಲ್ಲ ಪಾಕದಮ್ಮ ಒಂದು ಗಡಿಗೆ ಒಡೆದು ಹಚ್ಚಿಕೊಳ್ಳುತ್ತಿದ್ದಳು. ಅವಳ ಮುಂಗೈ ನೋಡಿದವರು ಇದು ಕುದಿಯುವ ಸಕ್ಕರೆಯ ಜೊತೆ ಆಯಸ್ಸು ಕಳೆದ ಕೈ ಎಂದು ನಂಬುತ್ತಿರಲಿಲ್ಲ.

"ಗೋಡೆ ಜೇನು ಹಚ್ಚೋಣ ಕಣೇ," ಎಂದಳು ಒಂದು ದಿನ ಸೊಸೆಗೆ.

"ಬೇಡ ಅತ್ತೆ. ಇದು ನಿಮ್ಮ ಕೈ ಸುಟ್ಟ ಹಾಗಲ್ಲ. ಗೋಡೆಯಿಂದ ತೆಗೆದಿದ್ದರಲ್ಲಿ ಏನೇನು ಇರುತ್ತೋ."

"ಏನಿರುತ್ತೆ? ಜೇನಿರುತ್ತೆ."

"ಧೂಳಿರುತ್ತೆ, ಹುಳದ ಕಾಲಿರುತ್ತೆ, ಕಣ್ಣಿಗೆ ಕಾಣದ್ದೂ ಇರುತ್ತೆ. ಡಾಕ್ಟರನ್ನ ಕೇಳದೆ ಬೇಡ."

"ಹಾಗಾದ್ರೆ ಕೇಳು."

"ಕೇಳ್ತೀನಿ," ಎಂದಳು ಸೊಸೆ. ವಾರ್ಡಿನ ಗಡಿಬಿಡಿಯಲ್ಲಿ ಮರೆತಳು. ಪಾಕದಮ್ಮ ಮರೆಯಲಿಲ್ಲ.

ಬೇಸಿಗೆಯಲ್ಲಿ ತೆಗೆದಿಟ್ಟ ಜೇನು ಕಪಾಟಿನ ಹಿಂದೆ ಒಂದು ಬಾಟಲಿಯಲ್ಲಿತ್ತು. ತೆಗೆದು ನೋಡಿದರೆ ಮೇಲೆಲ್ಲ ನೊರೆ. ಮುಚ್ಚಳ ತಿರುಗಿಸಿದೊಡನೆ ಟಪ್ಪೆಂದು ಹಾರಿ ಹಿಟ್ಟಿನ ಡಬ್ಬದೊಳಗೆ ಬಿತ್ತು. ಪಾಕದಮ್ಮ ಹುಬ್ಬು ಗಂಟಿಕ್ಕಿದಳು. ನೊರೆ ಬಂದ ಪಾಕವೆಂದರೆ ಕೆಟ್ಟ ಪಾಕ, ಕೆಡುತ್ತಿರುವ ಪಾಕಕ್ಕೆ ಮದ್ದು ಬೆಂಕಿ. ಇದು ಅವಳ ಕೈಗೆ ಗೊತ್ತಿದ್ದ ವಿದ್ಯೆ. ತನ್ನ ಕೈಗಾಗಿದ್ದರೆ ಹಾಗೇ ಬಳಿದುಕೊಳ್ಳುತ್ತಿದ್ದಳೇನೋ. ಗಂಡನ ಕಾಲಿಗೆ ಹಾಗೆಲ್ಲ ಬೇಕಾಬಿಟ್ಟಿ ಹಚ್ಚಲಾದೀತೆ? ಜೊತೆಗೆ ಸೊಸೆ ಹೇಳಿದ ಕಣ್ಣಿಗೆ ಕಾಣದ್ದೂ ಸಾಯಲಿ ಎಂದುಕೊಂಡು, ಸಣ್ಣ ಬಾಣಲೆಗೆ ಸುರಿದು, ಸೋಸಿ, ಎರಡೆಳೆ ಪಾಕ ಬರುವವರೆಗೆ ಕಾಯಿಸಿದಳು. ಆರಿದ ಮೇಲೆ ಜೇನು ಹೊನ್ನಿನ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಅಂಗಡಿಯಲ್ಲಿ ಸಿಗುವುದಕ್ಕಿಂತ ಚೆಂದ!

ಸೊಸೆ ಆಚೆ ಕಾಲಿಟ್ಟೊಡನೆ ಈಕೆ ಗಂಡನ ಕಾಲು ಹಿಡಿಯುತ್ತಿದ್ದಳು.

"ಅವಳಿಗೆ ಗೊತ್ತಾದ್ರೆ?" ಎಂದರು ಯಜಮಾನರು.

"ವಾಸಿಯಾದ ಮೇಲೆ ಗೊತ್ತಾಗಲಿ. ಆಗ ನೋಡೋಣ, ಮುಖ ಎಲ್ಲಿಟ್ಕೋತಾಳೆ ಅಂತ."

"ನನ್ನ ಕಾಲಿನ ಮೇಲೆ ನಿಮ್ಮಿಬ್ಬರ ಪಂದ್ಯಾನಾ?"

"ಸುಮ್ನೆ ಕೂತ್ಕೊಳ್ರೀ. ಅಲ್ಲಾಡಬೇಡಿ."

ಹೀಗೆ ಗುಟ್ಟು ನಡೆಯಿತು. ಅದು ಒಡೆದದ್ದು ಒಂದು ಗಂಟಿನಿಂದ. ಸೊಸೆ ಕಟ್ಟನ್ನು ಅಂಟುಪಟ್ಟಿಯಿಂದ ನಿಲ್ಲಿಸುತ್ತಿದ್ದಳು, ಪಾಕದಮ್ಮನೂ ಜೇನು ಒರೆಸಿ ತೆಗೆದ ಮೇಲೆ ಅದನ್ನೇ ಹುಷಾರಾಗಿ ಮರಳಿ ಅಂಟಿಸುತ್ತಿದ್ದಳು. ಆ ದಿನ ಪಟ್ಟಿ ಅಂಟಲೇ ಇಲ್ಲ. ಕೈ ತನ್ನ ಪಾಡಿಗೆ ಬಟ್ಟೆಯ ತುದಿಯನ್ನು ಸೀಳಿ, ಸುತ್ತಿ, ಅಡ್ಡ ಹಾಯಿಸಿ, ಗಂಟು ಹಾಕಿ, ಬೆರಳು ತೂರಿಸಿ ಎತ್ತಲೆಂದು ಮೇಲೊಂದು ಕುಣಿಕೆಯನ್ನೂ ಬಿಟ್ಟಿತು.

ಬೆಳಗ್ಗೆ ಎಲ್ಲರೂ ತಿಂಡಿಗೆ ಕೂತಿದ್ದಾಗ ಸೊಸೆ ಮಾವನ ಕಾಲನ್ನು ಮೊಣಕಾಲಿನ ಮೇಲಿಟ್ಟುಕೊಂಡು ಆ ಕುಣಿಕೆಯನ್ನೇ ನೋಡಿದಳು.

"ಅತ್ತೆ, ಈ ಗಂಟು ಹಾಕಿದ್ದು ಯಾರು?"

"ಯಾವ ಗಂಟು?"

"ಕೇಕ್ ಡಬ್ಬಿ ಗಂಟು. ಮಾವನ ಕಾಲನ್ನ ಯಾರಿಗೆ ಪಾರ್ಸಲ್ ಮಾಡ್ತಿದೀರಿ?"

ಮೊಮ್ಮಗಳು ಕಿಸಕ್ಕನೆ ನಕ್ಕಳು. ಕಟ್ಟು ಬಿಚ್ಚಿಕೊಂಡ ಮೇಲೆ ಯಾರೂ ನಗಲಿಲ್ಲ. ಗಾಯದ ಸುತ್ತ ಕೆಂಪು ಹರಡಿತ್ತು. ಬೆರಳು ಊದಿತ್ತು. ಸೊಸೆ ಬಟ್ಟೆಯನ್ನು ಮೂಗಿನ ಬಳಿ ಹಿಡಿದಳು. ಕೀವಿನ ವಾಸನೆಯ ಜೊತೆ ಕಾದ ಸಕ್ಕರೆಯ ವಾಸನೆ.

"ಏನು ಹಚ್ಚಿದ್ರಿ?"

"ಜೇನು," ಎಂದಳು ಪಾಕದಮ್ಮ ಗಲ್ಲ ಎತ್ತಿ. "ಗೋಡೆ ಜೇನು. ನನ್ನ ಕೈ ನೋಡು, ಒಂದು ಕಲೆ ಇದೆಯಾ ಹೇಳು!"

"ನಿಮ್ಮ ಕೈಗೆ ಬಿಸಿ ತಾಗಿದ್ರೆ ನೀವು ಎಳ್ಕೋತೀರಿ ಅತ್ತೆ. ನಿಮ್ಮ ಮೈಲಿ ಸಕ್ಕರೆ ಕಾಯಿಲೆ ಇಲ್ಲ. ಬೇಡ ಅಂದಿದ್ದೆ ತಾನೇ?"

"ಕೇಳ್ತೀನಿ ಅಂದಿದ್ದೆ. ಕೇಳಿದ್ಯಾ?"

ಸೊಸೆ ಬಟ್ಟೆಯನ್ನು ಕೆಳಗಿಟ್ಟಳು. "ಕೇಳಲಿಲ್ಲ. ಅದಕ್ಕೆ ಕದ್ದು ಹಚ್ಚೋದಾ?"

"ನನ್ನ ಗಂಡನ ಕಾಲು ಮುಟ್ಟೋದು ಕಳ್ಳತನಾನಾ?"

"ಇಬ್ಬರೂ ಸ್ವಲ್ಪ ಸುಮ್ನಿರ್ತೀರಾ?" ಎಂದ ಮಗ.

"ನೀನು ಸುಮ್ನಿರು!" ಎಂದರು ಇಬ್ಬರೂ ಒಂದೇ ಉಸಿರಿಗೆ.

ಯಜಮಾನರು ತಮ್ಮ ಕಾಲನ್ನು ತಾವೇ ನೋಡಿಕೊಂಡರು. "ಜಗಳ ಆಮೇಲೆ ಆಡಿ," ಎಂದರು ಮೆಲ್ಲಗೆ. "ನನಗೆ ಯಾಕೋ ಚಳಿ ಆಗ್ತಿದೆ."

ಒಲೆಯ ಮನೆಯಲ್ಲಿ ಕೂತವನಿಗೆ ಚಳಿ! ಮಗ ಗಾಡಿ ತರಲು ಓಡಿದ.

ಆಸ್ಪತ್ರೆಯಲ್ಲಿ ಗಾಯವನ್ನು ಮತ್ತೆ ಕೊರೆದು ತೊಳೆದರು, ಸೂಜಿ ಚುಚ್ಚಿ ಔಷಧಿ ಹರಿಸಿದರು. ಡಾಕ್ಟರು ಕೈಗವಸು ಕಳಚುತ್ತ ಹೊರಬಂದು, "ಬೆರಳು ಸದ್ಯಕ್ಕಿದೆ. ಈ ವಾರ ನೋಡಿ ಹೇಳ್ತೀನಿ. ಮನೇಲಿ ಏನಾದ್ರೂ ಹಚ್ಚಿದ್ರಾ?" ಎಂದು ಕೇಳಿದರು.

"ಏನೋ ಮನೆಮದ್ದು ಸರ್," ಎಂದಳು ಸೊಸೆ. ಯಾರು, ಏನು ಎಂದು ಹೇಳಲಿಲ್ಲ.

ಇಷ್ಟು ಹೊತ್ತೂ ಜಗಳಕ್ಕೆ ಸಜ್ಜಾಗಿ ನಿಂತಿದ್ದ ಪಾಕದಮ್ಮ ಆ ಮಾತು ಕೇಳಿ ಸೊಸೆಯ ಕಡೆ ತಿರುಗಿದಳು. ಸೊಸೆ ತನ್ನನ್ನು ಬೇರೆಯವರೆದುರು ಬಿಟ್ಟುಕೊಡಲಿಲ್ಲ. ಇನ್ನು ತಾನು ಬಾಯಿ ಮುಚ್ಚಿಕೊಂಡಿದ್ದರೆ ಏನು ಚೆಂದ?

"ಹಚ್ಚಿದ್ದು ನಾನು ಡಾಕ್ಟ್ರೇ. ಜೇನು. ನಮ್ಮ ಒಲೆಗೋಡೆಯ ಮಿಸ್ರಿ ಜೇನು. ಇವಳಿಗೆ ಗೊತ್ತಿರಲಿಲ್ಲ."

ಬೈಗುಳಕ್ಕೆ ಬೆನ್ನು ಕೊಟ್ಟು ನಿಂತಳು. ಡಾಕ್ಟರು ಬೈಯಲಿಲ್ಲ. "ಕಚ್ಚದ ಜೇನಾ? ತೆಳ್ಳಗೆ, ಹುಳಿ ಹುಳಿ ಇರುತ್ತಲ್ಲ?" ಎಂದು ಹತ್ತಿರ ಬಂದರು. "ನಮ್ಮ ಲ್ಯಾಬಿನಲ್ಲಿ ಅದರ ಮೇಲೇ ಪರೀಕ್ಷೆ ನಡೀತಿದೆ ಅಮ್ಮ. ಒಳ್ಳೇ ಜೇನೇ ಅದು. ನೀವು ಹಚ್ಚಿದ್ದನ್ನ ಸ್ವಲ್ಪ ತರ್ತೀರಾ?"

ಪಾಕದಮ್ಮ ಸೊಸೆಯ ಕಡೆ ಒಂದು ನೋಟ ಬೀರಿದಳು. ಒಳ್ಳೇ ಜೇನಂತೆ!

ಮರುದಿನ ಎರಡು ಬಾಟಲಿ ಹಿಡಿದು ಹೋದಳು. ಒಂದರಲ್ಲಿ ಕಾಯಿಸಿದ ಹೊನ್ನಿನ ಬಣ್ಣದ್ದು, ಇನ್ನೊಂದರಲ್ಲಿ ಬೆಳಗ್ಗೆಯಷ್ಟೇ ಇಟ್ಟಿಗೆ ಸರಿಸಿ ತೆಗೆದದ್ದು. "ಇದು ಹಾಗೇ ತೆಗೆದಿದ್ದು. ಇದು ನಾನು ಹದ ಮಾಡಿದ್ದು," ಎಂದು, ಚೊಚ್ಚಲ ಮಗುವನ್ನು ತೋರಿಸುವ ಹಾಗೆ ಕಾಯಿಸಿದ್ದನ್ನು ಮುಂದೆ ಮಾಡಿದಳು.

ಕೆಲವು ದಿನಗಳ ಮೇಲೆ ಕರೆ ಬಂತು. ಅತ್ತೆ ಸೊಸೆ ಇಬ್ಬರೂ ಹೋದರು. ಲ್ಯಾಬಿನ ಹುಡುಗಿ ಅಂಗೈಯಗಲದ ಗಾಜಿನ ತಟ್ಟೆಯೊಂದನ್ನು ಮೇಜಿನ ಮೇಲಿಟ್ಟಳು. ಅದರ ತುಂಬ ಹಾಲಿನ ಕೆನೆಯಂಥದೊಂದು ಮಸುಕು ಪದರ.

"ಇದು ನಿಮ್ಮ ಯಜಮಾನರ ಗಾಯದಿಂದ ತೆಗೆದು ಬೆಳೆಸಿದ ರೋಗಾಣು," ಎಂದರು ಡಾಕ್ಟರು. "ಈ ಗುಣಿಯಲ್ಲಿ ಹಸಿ ಜೇನು, ಈ ಗುಣಿಯಲ್ಲಿ ಕಾಯಿಸಿದ್ದು. ನೀವೇ ನೋಡಿ."

ಹಸಿ ಜೇನಿನ ಸುತ್ತ ತಟ್ಟೆ ನಾಣ್ಯದಗಲ ತಿಳಿಯಾಗಿತ್ತು. ಅಲ್ಲಿ ಒಂದು ಚುಕ್ಕೆಯೂ ಬೆಳೆದಿರಲಿಲ್ಲ. ಕಾಯಿಸಿದ ಜೇನಿನ ಅಂಚಿನವರೆಗೂ ಆ ಕೆನೆ ಒತ್ತಿಕೊಂಡು ಬಂದಿತ್ತು.

ಪಾಕದಮ್ಮ ತಟ್ಟೆಯನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. "ಗುರುತು ಅದಲು ಬದಲು ಆಗಿಲ್ಲ ತಾನೇ?"

"ಮೂರು ತಟ್ಟೆಯಲ್ಲೂ ಹೀಗೇ ಬಂದಿದೆ ಅಮ್ಮ. ಜೇನುಹುಳದ ಮೈಯಿಂದ ಒಂದು ರಸ ಜೇನಿಗೆ ಸೇರಿರುತ್ತೆ. ರೋಗಾಣು ಕೊಲ್ಲೋ ಪದಾರ್ಥ ಹುಟ್ಟೋದು ಅದರಿಂದ. ಜೊತೆಗೆ ಹುಳಿ, ಮರದ ಅಂಟಿನ ಸತ್ವ. ಜೋರಾಗಿ ಕುದಿಸಿದ್ರೆ ಆ ರಸ ಕೆಡುತ್ತೆ. ಹುಳ ಮಾಡಿಟ್ಟ ಮದ್ದನ್ನ ನೀವು ಸಿಹಿ ಪಾಕ ಮಾಡಿದ್ರಿ."

"ಹಾಗಾದ್ರೆ ಹಸೀದೇ ಹಚ್ಚಿದ್ರೆ ವಾಸಿ ಆಗ್ತಿತ್ತು!"

"ಅಲ್ಲೇ ತಪ್ಪೋದು. ತಟ್ಟೆ ಬೇರೆ, ಕಾಲು ಬೇರೆ. ತಟ್ಟೆಗೆ ಸಕ್ಕರೆ ಕಾಯಿಲೆ ಇಲ್ಲ. ತಟ್ಟೆ ದಿನವಿಡೀ ಒಲೆ ಮುಂದೆ ನಿಲ್ಲೋದಿಲ್ಲ. ಹಸಿ ಜೇನಿನಲ್ಲೂ ಬೇಡದ ಕ್ರಿಮಿ ಇರಬಹುದು; ಆಳದ ಗಾಯಕ್ಕೆ ಅದು ಅಪಾಯ. ಕಾಯಿಸದೆ, ಕಿರಣ ಹಾಯಿಸಿ ಶುದ್ಧ ಮಾಡಿದ ಜೇನಿದೆ ನಮ್ಮ ಹತ್ರ. ಒಪ್ಪಿದ್ರೆ ಅದನ್ನೇ ಹಚ್ಚಿ ನೋಡೋಣ. ಆದ್ರೆ ಒಂದು ಮಾತು: ಮಾತ್ರೆ ನುಂಗದೆ, ಕಾಲಿಗೆ ಬಿಡುವು ಕೊಡದೆ ಬರೀ ಜೇನಿನಿಂದ ಏನೂ ಆಗೋಲ್ಲ."

ಮನೆಗೆ ಬಂದವಳೇ ಪಾಕದಮ್ಮ ಉಳಿದಿದ್ದ ಹೊನ್ನಿನ ಬಣ್ಣದ ಜೇನನ್ನು ಬಚ್ಚಲಿಗೆ ಸುರಿದಳು. ತಾನು ಹದ ಮಾಡಿದ ಪಾಕವನ್ನು ಅವಳು ಹೀಗೆ ಚೆಲ್ಲಿದ್ದನ್ನು ಸೊಸೆ ಕಂಡೇ ಇರಲಿಲ್ಲ. "ಅತ್ತೆ, ತಲೆ ಸುತ್ತುತ್ತಿದೆಯಾ?" ಎಂದು ಎರಡು ಸಲ ಕೇಳಿದಳು.

ಆಸ್ಪತ್ರೆಯಿಂದ ಯಜಮಾನರನ್ನು ಮನೆಗೆ ಕಳಿಸಿದ ದಿನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಬೇಯಿಸಿದ ಸೊಪ್ಪು, ಬೇಳೆ, ಒಂದೊಂದು ಮೊಟ್ಟೆ. ಬಡಿಸುತ್ತಿದ್ದ ಪಾಕದಮ್ಮ ಸೌಟು ಹಿಡಿದೇ ನಿಂತುಬಿಟ್ಟಳು.

"ನಿಮ್ಮ ಕಾಲು ಕೆಡಿಸಿದ್ದು ನಾನು ಕಣ್ರೀ. ಚೆನ್ನಾಗಿರೋ ಜೇನನ್ನ ಕಾಯಿಸಿ ಹಾಳು ಮಾಡಿದೆ."

"ಕೆಂಡ ತುಳಿದಿದ್ದು ನಾನು," ಎಂದರು ಯಜಮಾನರು. "ಡಾಕ್ಟ್ರು ಕೂತ್ಕೋ ಅಂದ್ರೂ ನಿಂತಿದ್ದು ನಾನು. ನನ್ನ ಪಾಲಿಗೂ ಸ್ವಲ್ಪ ತಪ್ಪು ಬಿಡು ಮಾರಾಯ್ತಿ, ಎಲ್ಲಾ ನೀನೇ ಬಳ್ಕೋಬೇಡ."

"ವಾರ್ಡಿನಲ್ಲಿ ಕಂಡವರ ಕಾಲೆಲ್ಲ ನೋಡ್ತೀನಿ," ಎಂದಳು ಸೊಸೆ ತಟ್ಟೆಯಿಂದ ತಲೆಯೆತ್ತದೆ. "ಮನೇಲಿರೋ ಎರಡು ಕಾಲು ನೋಡಲಿಲ್ಲ. ಜೇನಿನ ವಿಷಯ ಕೇಳ್ತೀನಿ ಅಂದು ಕೇಳಲೂ ಇಲ್ಲ."

"ಹಾಗಾದ್ರೆ ಇವತ್ತು ಜಗಳ ಇಲ್ವಾ?" ಎಂದಳು ಮೊಮ್ಮಗಳು ನಿರಾಸೆಯಿಂದ.

"ಊಟ ಮಾಡು, ಆರಿ ಹೋಗುತ್ತೆ," ಎಂದಳು ಅಜ್ಜಿ. "ಇನ್ಮೇಲೆ ಈ ಮನೇಲಿ ಇವಳು ಹೇಳಿದ ಹಾಗೆ ಕಟ್ಟು, ನಾನು ಹೇಳಿದ ಹಾಗೆ ಊಟ. ಯಾರಾದ್ರೂ ತಕರಾರು ತೆಗೆದ್ರೆ ನೋಡಿ ಮತ್ತೆ!"

ಪಾಕದಮ್ಮ ಒಂದು ಕೆಲಸವನ್ನು ತಲೆಗೆ ಹಚ್ಚಿಕೊಂಡಳೆಂದರೆ ಮುಗಿಯಿತು. ಮಾತ್ರೆಯನ್ನು ಗಂಡನ ನಾಲಿಗೆಯ ಮೇಲೆ ತಾನೇ ಇಟ್ಟು, ನುಂಗಿದ ಮೇಲೆ "ಆ ಅನ್ನಿ" ಎಂದು ಬಾಯಿ ತೆರೆಸಿ ನೋಡುತ್ತಿದ್ದಳು. ಕೆನೆಯ ರುಚಿ ನೋಡುವ ಹುದ್ದೆ ಮೊಮ್ಮಗಳಿಗೆ ಹೋಯಿತು. ಅವಳು ಮೊದಲ ದಿನವೇ "ಸಕ್ಕರೆ ಜಾಸ್ತಿ ತಾತ. ಇಷ್ಟು ದಿನ ನೀನು ಜನಕ್ಕೆ ಏನು ತಿನ್ನಿಸ್ತಿದ್ದೆ?" ಎಂದು ಕೇಳಿ ತಾತನ ಮುಖ ಊದುವಂತೆ ಮಾಡಿದಳು.

ಒಲೆ ಮಗನ ಕೈಗೆ ಬಂತು. ಯಜಮಾನರು ಒಂದು ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಅಲ್ಲಿಂದಲೇ ಆಳತೊಡಗಿದರು.

"ತೆಗಿಯೋ, ಸೀದು ಹೋಗುತ್ತೆ!"

"ಇನ್ನೂ ಬೆಂದಿಲ್ಲ ಅಪ್ಪ."

"ವಾಸನೆ ನನಗೆ ಇಲ್ಲಿಗೆ ಬರ್ತಿದೆ, ಮುಂದೆ ನಿಂತಿರೋ ನಿನಗೆ ಬರಲ್ವಾ?"

ಮೊದಮೊದಲು ಬ್ರೆಡ್ಡು ಒಂದು ಕಡೆ ಕಪ್ಪಾಗಿ, ಒಂದು ಕಡೆ ಬಿಳಿಚಿಕೊಂಡು ಬರುತ್ತಿತ್ತು. ಗಿರಾಕಿಗಳು ಮೂಗು ಮುರಿದರು. ಸೀದದ್ದನ್ನೆಲ್ಲ ಮನೆಯವರೇ ಹೆರೆದು ತಿಂದರು. ಆಮೇಲೆ ಮಗನ ಕೈ ಕುದುರಿತು. ಅಪ್ಪ ಕೂಗುವ ಮೊದಲೇ ತಟ್ಟೆ ಹೊರಬರುವ ದಿನ ಬಂತು. ಅವತ್ತು ಯಜಮಾನರು ಬಾಯಿ ತೆರೆದವರು ಹಾಗೇ ಮುಚ್ಚಿ, ಪೇಪರು ಬಿಡಿಸಿಕೊಂಡರು.

ಗಾಯದ ಕೆಲಸ ಸೊಸೆಯದು. ಆಸ್ಪತ್ರೆ ಕೊಟ್ಟ ಸಣ್ಣ ಕೊಳವೆಯಿಂದ ಜೇನನ್ನು ಹಿಂಡಿ, ಜಾಲರಿ ಬಟ್ಟೆಗೆ ಸವರಿ, ಗಾಯದ ಮೇಲಿಟ್ಟು ಕಟ್ಟುತ್ತಿದ್ದಳು. ಪಾಕದಮ್ಮ ಕೈ ತೊಳೆದುಕೊಂಡು ಪಕ್ಕದಲ್ಲಿ ಕತ್ತರಿ ಹಿಡಿದು ಕೂರುತ್ತಿದ್ದಳು.

"ಇದರಲ್ಲಿ ನಮ್ಮ ಗೋಡೆದೂ ಸೇರಿರಬಹುದು ಅಲ್ವೇನೇ?"

"ನೀವು ಕೊಟ್ಟ ಬಾಟ್ಲಿ ಇನ್ನೂ ಲ್ಯಾಬಿನಲ್ಲೇ ಇದೆ ಅತ್ತೆ."

"ಹೋಗಲಿ, ನಮ್ಮ ಹುಳದ ಬಳಗದ್ದೇ ತಾನೇ."

ಮೊದಲು ಊತ ಇಳಿಯಿತು. ಆಮೇಲೆ ವಾಸನೆ ಹೋಯಿತು. ಗಾಯದ ತಳದಲ್ಲಿ ಕೆಂಪು ಮಾಂಸ ಕಾಳು ಕಾಳಾಗಿ ತುಂಬಿ ಬಂದು, ಅಂಚಿನಿಂದ ತೆಳು ಗುಲಾಬಿ ಚರ್ಮ ಒಳಮುಖವಾಗಿ ಹರಿಯಿತು. ವಾರ ವಾರಕ್ಕೂ ಗಾಯ ಕಿರಿದಾಗಿ, ಕೊನೆಗೆ ಒಂದು ಗುಂಡಿಯಷ್ಟಾಗಿ, ಅದೂ ಮುಚ್ಚಿಕೊಂಡಿತು. "ಬೆರಳಿನ ಚಿಂತೆ ಬಿಡಿ. ನಡೀರಿ, ಆದ್ರೆ ಬೂಟು ಬಿಟ್ಟು ಒಂದು ಹೆಜ್ಜೆ ಇಡಬಾರದು," ಎಂದರು ಡಾಕ್ಟರು.

ವಾಸಿ ಮಾಡಿದ್ದು ಯಾವುದು ಎಂಬ ವಿಷಯದಲ್ಲಿ ಮನೆಯಲ್ಲಿ ಒಮ್ಮತ ಮೂಡಲಿಲ್ಲ. ಸೂಜಿಮದ್ದು ಎಂದಳು ಸೊಸೆ. ಜೇನು ಎಂದಳು ಪಾಕದಮ್ಮ. ತಾನು ಒಲೆ ವಹಿಸಿಕೊಂಡದ್ದು ಎಂದ ಮಗ. "ನಾನು ಇಷ್ಟು ದಿನ ಬಾಯಿ ಮುಚ್ಕೊಂಡು ಕೂತಿದ್ದು," ಎಂದರು ಯಜಮಾನರು. ಬಾಯಿ ಮುಚ್ಚಿದ್ದು ಯಾವಾಗ ಎಂದು ಎಲ್ಲರೂ ಅವರ ಮೇಲೆ ಬಿದ್ದರು. ಡಾಕ್ಟರನ್ನು ಕೇಳಿದರೆ, "ಒಬ್ಬರ ಕಾಲು ನೋಡಿ ಹೇಳೋಕಾಗಲ್ಲ. ಜೇನು ಸಹಾಯ ಮಾಡಿದೆ ಅಂತ ನನಗನ್ನಿಸುತ್ತೆ, ಇನ್ನೂ ಎಷ್ಟೋ ಜನರ ಮೇಲೆ ನೋಡಬೇಕು," ಎಂದಿದ್ದರು. ಪಾಕದಮ್ಮ ನಡುವಿನ ಮಾತನ್ನಷ್ಟೇ ಮನೆಗೆ ತಂದಳು.

ಬೀದಿಗೆ ಅದರಲ್ಲೂ ಅರ್ಧವಷ್ಟೇ ತಲುಪಿತು. ಬೇಕರಿ ಗೋಡೆಯ ಜೇನು ಕಾಲು ಉಳಿಸುತ್ತದಂತೆ!

ಒಂದು ಬೆಳಗ್ಗೆ ಹಿಂದಿನ ಬೀದಿಯ ಬಡಗಿ ಬಂದ. ಕೈಯಲ್ಲೊಂದು ಬಟ್ಟಲು. ಬಾಗಿಲ ಚೌಕಟ್ಟು ಹಿಡಿದೇ ಮೆಟ್ಟಿಲು ಹತ್ತಿದ.

"ಅಕ್ಕಾ, ಅರ್ಧ ಬಟ್ಟಲು ಗೋಡೆ ಜೇನು ಕೊಡಿ. ಉಳಿ ಜಾರಿ ಕಾಲ ಮೇಲೆ ಬಿದ್ದಿತ್ತು. ಗಾಯ ಬಾಯಿ ಬಿಟ್ಕೊಂಡೇ ಇದೆ."

"ಕೂತ್ಕೋ. ಕಾಲು ತೋರಿಸು."

"ಕಾಲೇನು ನೋಡ್ತೀರಿ ಅಕ್ಕಾ, ಬೀದಿ ಕೊಳೆ ಎಲ್ಲಾ ಇದೆ. ಜೇನು ಕೊಟ್ರೆ ಸಾಕು."

"ತೋರಿಸು ಅಂದೆ."

ಬಡಗಿ ಸುತ್ತಿಕೊಂಡಿದ್ದ ಚಿಂದಿ ಬಿಚ್ಚಿದ. ಪಾಕದಮ್ಮ ಬಗ್ಗಿ ನೋಡಿದಳು, ಮೂಗು ಹಿಡಿಯಲಿಲ್ಲ. ಈಗ ಅವಳಿಗೆ ಆ ಕೆಂಪು ಯಾವುದು, ಆ ವಾಸನೆ ಯಾವುದು ಎಂದು ಗೊತ್ತಿತ್ತು. ಬಟ್ಟಲನ್ನು ಅವನ ಕೈಯಿಂದ ತೆಗೆದು ಗಲ್ಲಾಪೆಟ್ಟಿಗೆಯ ಪಕ್ಕ ಬೋರಲು ಹಾಕಿದಳು.

"ಜೇನು ಕೊಡಲ್ಲ."

"ಅಯ್ಯೋ, ಬೇಕಾದ್ರೆ ದುಡ್ಡು ಕೊಡ್ತೀನಿ ಅಕ್ಕಾ!"

"ನಿನ್ನ ದುಡ್ಡಿಗಿಷ್ಟು! ಇದು ಗೋಡೆ ಜೇನು ಹಚ್ಚೋ ಗಾಯ ಅಲ್ಲ. ಯಾವತ್ತಾದ್ರೂ ಸಕ್ಕರೆ ಕಾಯಿಲೆ ಇದೆಯಾ ಅಂತ ನೋಡಿಸಿದೀಯಾ? ಏ ಇವಳೇ, ಹೊರಟ್ಯಾ? ಇವನನ್ನೂ ಕರ್ಕೊಂಡು ಹೋಗು."

ಚೀಲ ಹೆಗಲಿಗೇರಿಸಿ ಬಂದ ಸೊಸೆ ಗಾಯ ನೋಡಿದಳು, ಅತ್ತೆಯ ಮುಖ ನೋಡಿದಳು. "ಇವತ್ತೇ ಬರಬೇಕು ಅಣ್ಣ," ಎಂದಳು.

ಬಡಗಿ ಕೂತಲ್ಲೇ ಗಟ್ಟಿಯಾದ. "ಆಸ್ಪತ್ರೆಗೆ ಹೋದ್ರೆ ಕಾಲು ಕತ್ತರಿಸ್ತಾರೆ. ನಾನು ಬರಲ್ಲ."

ಅತ್ತೆಯೂ ಸೊಸೆಯೂ ಒಬ್ಬರ ಮೇಲೊಬ್ಬರು ಮಾತು ಶುರು ಮಾಡಿದರು. ಅಷ್ಟರಲ್ಲಿ ಒಳಗಿನ ಕುರ್ಚಿ ಕಿರುಗುಟ್ಟಿತು. ಯಜಮಾನರು ಬೂಟಿನ ಪಟ್ಟಿ ಎಳೆದು ಬಿಗಿದುಕೊಂಡು ಹೊರಬಂದರು.

"ಕತ್ತರಿಸ್ತಾರೆ ಅಂತ ನಾನೂ ಹೆದರಿದ್ದೆ ಕಣಯ್ಯ," ಎಂದು ಬಡಗಿಯ ಕಂಕುಳಿಗೆ ಕೈ ಕೊಟ್ಟರು. "ಏಳು. ನಾನೂ ಬರ್ತೀನಿ."

"ಅಷ್ಟು ದೂರ ನಡೀತೀರಾ?" ಎಂದಳು ಪಾಕದಮ್ಮ.

"ನಿನ್ನ ಸೊಸೆ ಇದಾಳಲ್ಲ ಜೊತೆಗೆ."

ಪಾಕದಮ್ಮ ಮೆಟ್ಟಿಲ ತನಕ ಬಂದು ನಿಂತಳು. ಸೊಸೆ ಮುಂದೆ, ಗಂಡಸರಿಬ್ಬರು ಹಿಂದೆ. ತಿರುವಿನವರೆಗೂ ಅವಳ ಕಣ್ಣು ಗಂಡನ ಪಾದ ಬಿಟ್ಟು ಕದಲಲಿಲ್ಲ. ಕುಂಟುತ್ತಿದ್ದವನು ಬಡಗಿ. ಯಜಮಾನರು ಎರಡು ಹೆಜ್ಜೆಗೊಮ್ಮೆ ನಿಂತು ಅವನಿಗಾಗಿ ಕಾಯುತ್ತಿದ್ದರು.